ತುಂಬಿದ ಟ್ಯಾಂಕು

ಮರ ಕೊಯ್ಯುವ ಮಿಷನ್ನಿಗೆ ಜೀವ ಇದೆಯೋ ಇಲ್ಲವೋ ಎಂದು ತಿಳಿಯಲು ಅದನ್ನು ಬಿಚ್ಚಬೇಕಾಗಿಲ್ಲ. ಸ್ಟಾರ್ಟರ್ ಹಗ್ಗದ ಹಿಡಿಯೊಂದನ್ನೇ ಹಿಡಿದು ಇಡೀ ಮಿಷನ್ನನ್ನು ಎತ್ತಿದರೆ ಸಾಕು. ಒಳಗೆ ಬಿಗಿ ಇದ್ದರೆ ಅದು ಹಗ್ಗದಲ್ಲಿ ನೇತಾಡುತ್ತ, ತಡೆದು ತಡೆದು, ಮನಸ್ಸಿಲ್ಲದ ಮನಸ್ಸಿನಿಂದ ಕೆಳಗಿಳಿಯುತ್ತದೆ. ಬಿಗಿ ಹೋಗಿದ್ದರೆ ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿದುಬಿಡುತ್ತದೆ. ಭಾನುವಾರ ಪೂಜೆ ಮುಗಿಸಿ ಬಂದ ಜೋಸ್ವಿನ್ ಇಗರ್ಜಿಗೆ ಹಾಕಿದ್ದ ಅಂಗಿಯನ್ನೂ ಬಿಚ್ಚದೆ ಜಗಲಿಯಲ್ಲಿ ನಿಂತು ಮಿಷನ್ನನ್ನು ಎತ್ತಿ ನೋಡಿದ. ಸರ್ರನೆ ಇಳಿಯಿತು.

ಸತ್ತುಹೋಗಿದೆ ಎಂದ, ತನಗೆ ತಾನೇ.

ಅಡುಗೆಮನೆಯಿಂದ ಅವನ ತಾಯಿ ಮೊಡೆಸ್ಟಾ ಯಾರು ಎಂದು ಕೇಳಿದಳು. ಆ ವಾರ ಹಾಗೆ ಕೇಳುವುದು ಸಹಜವೇ ಆಗಿತ್ತು. ಕೆಳಗಿನ ಎಸ್ಟೇಟ್ ಲೈನಿನಲ್ಲಿ, ಕೂಲಿಯಾಳುಗಳ ಆ ಸಾಲುಮನೆಗಳಲ್ಲಿ, ಲಕ್ಕಯ್ಯ ತೀರಿಹೋಗಿ ಇನ್ನೂ ಸೂತಕ ಕಳೆದಿರಲಿಲ್ಲ. ಯಾರೂ ಅಲ್ಲ, ಮಿಷನ್ನು ಎಂದ ಜೋಸ್ವಿನ್. ಹಾಗಾದರೆ ಊಟ ಮಾಡಿ ನೋಡು ಎಂದಳು ಅವಳು.

ಊಟ ಸೇರುವ ಹಾಗಿರಲಿಲ್ಲ. ಮಳೆ ಹಿಡಿಯುವ ಮೊದಲು ತೋಟಗಳಲ್ಲಿ ಮರಗಸಿ ಆಗಬೇಕು. ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಸವರಿ ಬಿಸಿಲಿಗೆ ದಾರಿ ಮಾಡದಿದ್ದರೆ ಮಳೆಗಾಲದ ತೇವಕ್ಕೆ ಗಿಡಗಳಿಗೆ ಕೊಳೆರೋಗ ಹತ್ತುತ್ತದೆ. ಹೆಗ್ಗದ್ದೆ ಕಡೆಯ ದೊಡ್ಡ ಎಸ್ಟೇಟೊಂದು ಈ ಸಲ ಆ ಕೆಲಸವನ್ನು ಜೋಸ್ವಿನ್‌ಗೆ ಒಪ್ಪಿಸಿತ್ತು. ಜೋಸ್ವಿನ್‌ಗೆ ಅಂದರೆ ಅವನಿಗೂ ಪ್ರದೀಪನಿಗೂ. ಇಬ್ಬರನ್ನೂ ಬಿಡಿಸಿ ಹೇಳುವ ರೂಢಿ ಹೊಂಗಡಹಳ್ಳದ ಸುತ್ತ ಯಾರಿಗೂ ಇರಲಿಲ್ಲ. ಪ್ರದೀಪ ಮರದ ಮೇಲೆ, ಜೋಸ್ವಿನ್ ಬುಡದಲ್ಲಿ. ಪ್ರದೀಪ ಸೊಂಟಕ್ಕೆ ಹಗ್ಗ ಬಿಗಿದು ಸಿಲ್ವರ್ ಓಕಿನ ತುದಿಯವರೆಗೆ ಹೋಗಿ ಸಣ್ಣ ಕೊಂಬೆಗಳನ್ನು ಕತ್ತಿಯಲ್ಲಿ ಸವರುತ್ತಾನೆ. ದಪ್ಪ ಕೊಂಬೆ ಬಂದಾಗ ಮಿಷನ್ನು ಇನ್ನೊಂದು ಹಗ್ಗದಲ್ಲಿ ಮೇಲೇರುತ್ತದೆ. ಎರಡೂ ಹಗ್ಗಗಳ ಇನ್ನೊಂದು ತುದಿ ಜೋಸ್ವಿನ್‌ನ ಕೈಯಲ್ಲಿ. ಕೆಳಗಿರುವವನು ಒಂದು ಸಲ ಆಕಳಿಸಿದರೆ ಮೇಲಿರುವವನು ಮನೆಗೆ ಹೋಗುವುದಿಲ್ಲ. ಹಾಗಾಗಿ ಮರ ಹತ್ತುವವರು ಹಗ್ಗ ಹಿಡಿಯುವವನನ್ನು ಆರಿಸುವಾಗ ಹೆಣ್ಣು ನೋಡುವುದಕ್ಕಿಂತ ಹೆಚ್ಚು ವಿಚಾರಿಸುತ್ತಾರೆ.

ಆ ಮಿಷನ್ನು ಹೊಸದೇನಲ್ಲ. ತೋಟ ಮಾರಿ ಮಂಗಳೂರಿಗೆ ಹೊರಟವರೊಬ್ಬರು ಸ್ಟೋರಿನ ಮೂಲೆಯಲ್ಲಿ ಬಿಟ್ಟಿದ್ದನ್ನು ಜೋಸ್ವಿನ್ ಹೊತ್ತು ತಂದಿದ್ದ. ಆಗಲೂ ಅದು ಸತ್ತೇ ಇತ್ತು. ಅದನ್ನು ಇದೇ ಜಗಲಿಯಲ್ಲಿ ಬಿಚ್ಚಿ ಹರಡಿದವರು ಅವನು ಮತ್ತು ಪ್ರದೀಪ. ಪೆಟ್ರೋಲ್ ಪೈಪು ಪುಡಿಯಾಗಿತ್ತು, ಕಾರ್ಬೊರೇಟರಿನೊಳಗೆ ಕಣಜ ಗೂಡು ಕಟ್ಟಿತ್ತು. ಅದು ಮತ್ತೆ ಗರ್ಜಿಸಿದ ದಿನ ಪ್ರದೀಪ, ನಿಮ್ಮ ಯೇಸು ಬರೀ ಮನುಷ್ಯರನ್ನ ಎಬ್ಬಿಸ್ದ, ನೀನು ಮಿಷನ್ನೇ ಎಬ್ಬಿಸ್ಬುಟ್ಟೆ ಎಂದು ನಕ್ಕಿದ್ದ. ಮೊಡೆಸ್ಟಾ ಒಳಗಿನಿಂದಲೇ ಶಿಲುಬೆ ಗುರುತು ಹಾಕಿಕೊಂಡು, ಆಮೇಲೆ ತಾನೂ ನಕ್ಕಿದ್ದಳು.

ಈಗ ಪ್ರದೀಪ, ಲಕ್ಕಯ್ಯನ ಮಗ, ತಲೆ ಬೋಳಿಸಿಕೊಂಡು ಲೈನಿನಲ್ಲಿ ಕೂತಿದ್ದ. ಜೋಸ್ವಿನ್ ಒಬ್ಬನೇ ಸ್ಪ್ಯಾನರು ಹಿಡಿದ.

ಪ್ರದೀಪನವರಲ್ಲಿ ಹೂಳುವುದು ರೂಢಿ. ಆದರೆ ಲಕ್ಕಯ್ಯ ಸಾಯುವ ಮೊದಲು ಮಗನನ್ನು ಕರೆದು, ನಮ್ಮದಲ್ಲದ ನೆಲದಾಗೆ ಮಲಗಿಸಬೇಡ, ಸುಟ್ಟುಬುಡು ಎಂದಿದ್ದನಂತೆ. ಜೀವಮಾನವೆಲ್ಲ ಬೇರೆಯವರ ಎಸ್ಟೇಟಿನಲ್ಲಿ ಗುಂಡಿ ತೋಡಿದವನು ತನಗೊಂದು ಗುಂಡಿ ಬೇಡ ಎಂದುಬಿಟ್ಟ. ಸುಡುವುದಕ್ಕೆ ಸೌದೆ ಬೇಕು. ಹಳ್ಳದ ದಡದಲ್ಲಿ ಗಾಳಿಗೆ ಬಿದ್ದು ಒಣಗಿದ್ದ ಮಾವಿನ ಮರವೊಂದಿತ್ತು, ಇಬ್ಬರು ತಬ್ಬಿದರೂ ಕೈಗೆ ಸಿಗದಷ್ಟು ದಪ್ಪ. ಸಾವಾದ ಬೆಳಿಗ್ಗೆ ಪ್ರದೀಪ ಬಂದು ಅಂಗಳದಲ್ಲೇ ನಿಂತ. ಜೋಸ್ವಿನ್ ತಾನೂ ಬರುತ್ತೇನೆಂದ. ಪ್ರದೀಪ, ಅಪ್ಪನ ಸೌದೆ ನಾನೇ ಕೊಯ್ತೀನಿ ಎಂದ. ಮಿಷನ್ನನ್ನೂ ಬಾಟಲಿಯಲ್ಲಿದ್ದ ಮಿಕ್ಸ್ ಪೆಟ್ರೋಲನ್ನೂ ಜೋಸ್ವಿನ್ ಅವನ ಕೈಗೆ ಕೊಟ್ಟ. ಈ ಮಿಷನ್ನಿಗೆ ಬರೀ ಪೆಟ್ರೋಲ್ ಆಗುವುದಿಲ್ಲ. ಲೆಕ್ಕ ಹಿಡಿದು ಟೂ-ಟಿ ಆಯಿಲ್ ಬೆರೆಸಬೇಕು. ಆ ಎಣ್ಣೆಯೇ ಪಿಸ್ಟನ್ನಿಗೂ ಅದರ ಗೋಡೆಗೂ ನಡುವೆ ನಿಲ್ಲುವ ಮಧ್ಯಸ್ಥ. ಅದು ಇಲ್ಲದಿದ್ದರೆ ಲೋಹ ಲೋಹವನ್ನು ತಿನ್ನುತ್ತದೆ. ಇದು ಪ್ರದೀಪನಿಗೆ ಹೇಳಬೇಕಾದ ಮಾತಲ್ಲ.

ಮರುದಿನ ಮಿಷನ್ನು ವಾಪಸ್ ಬಂತು. ಸೂತಕದವನು ಒಳಗೆ ಬರಲಿಲ್ಲ, ಜಗಲಿಯ ಅಂಚಿನಲ್ಲಿಟ್ಟು ಹೋದ. ಚೈನನ್ನು ಅರ ಹಿಡಿದು ಹರಿತ ಮಾಡಿ, ಮೇಲಿನ ಹೊಟ್ಟನ್ನೆಲ್ಲ ಒರೆಸಿದ್ದ. ಬಾಟಲಿ ಖಾಲಿಯಾಗಿತ್ತು, ಟ್ಯಾಂಕು ಕತ್ತಿನವರೆಗೆ ತುಂಬಿತ್ತು. ಉಳಿದ ಮಿಕ್ಸನ್ನೆಲ್ಲ ಸುರಿದು ತಂದಿದ್ದಾನೆ ಎಂದುಕೊಂಡ ಜೋಸ್ವಿನ್. ಅದಾದ ಮೇಲೆ ಒಂದು ಸಂಜೆ ಎಸ್ಟೇಟ್ ರಸ್ತೆಗೆ ಸಿಲ್ವರ್ ಓಕೊಂದು ಅಡ್ಡ ಬಿತ್ತು. ಆನೆ ಸುಳಿವು ಕೊಡುವ ವಾಟ್ಸಾಪ್ ಗ್ರೂಪಿನಲ್ಲಿ ಹಿಂಡು ಈ ಕಡೆಯೇ ತಿರುಗಿದೆ ಎಂದು ಮೆಸೇಜು ಬಂದಿತ್ತು, ಜೀಪಿನವರು ಅವಸರ ಮಾಡುತ್ತಿದ್ದರು. ಜೋಸ್ವಿನ್ ಹಗ್ಗ ಎಳೆದ. ಮಿಷನ್ನು ಎಂದೂ ಇಲ್ಲದಷ್ಟು ಚುರುಕಾಗಿ, ಎತ್ತರದ ದನಿಯಲ್ಲಿ ಕಿರುಚುತ್ತ ಮರದೊಳಗೆ ಇಳಿಯಿತು. ಎಷ್ಟು ಚೆನ್ನಾಗಿ ಅರ ಹಿಡಿದಿದ್ದಾನೆ ಮಾರಾಯ ಎಂದು ಅವನು ಮನಸ್ಸಿನಲ್ಲೇ ಮೆಚ್ಚಿದ. ಕೊನೆಯ ತುಂಡಿನ ನಡುವೆ ಅದು ಒಮ್ಮೆ ನರಳಿ ನಿಂತಿತು. ಆಮೇಲೆ ಏಳಲಿಲ್ಲ.

ಬಿಚ್ಚುತ್ತ ಹೋದ. ಪ್ಲಗ್ಗು ತೆಗೆದು ಲೋಹಕ್ಕೆ ಆನಿಸಿ ಹಗ್ಗ ಎಳೆದರೆ ನೀಲಿ ಕಿಡಿ ಬರುತ್ತಿತ್ತು. ಅಲ್ಲಿ ಕಾಯಿಲೆ ಇಲ್ಲ. ಆದರೆ ಪ್ಲಗ್ಗಿನ ತುದಿ ಕಾಫಿ ಬಣ್ಣಕ್ಕಿರಬೇಕಾದದ್ದು ಬೂದಿಯ ಹಾಗೆ ಬೆಳ್ಳಗಿತ್ತು. ಏರ್ ಫಿಲ್ಟರು ಶುದ್ಧ. ಕಾರ್ಬೊರೇಟರಿನಲ್ಲಿ ಕಸವಿಲ್ಲ. ಟ್ಯಾಂಕಿನ ತಳದಲ್ಲಿ ಉಳಿದಿದ್ದ ಒಂದು ಗುಟುಕನ್ನು ಹಳೆಯ ಪೇಪರಿನ ಮೇಲೆ ಸುರಿದು ಬಿಸಿಲಿಗಿಟ್ಟ. ಎಣ್ಣೆ ಬೆರೆತಿದ್ದರೆ ಪೆಟ್ರೋಲು ಹಾರಿದ ಮೇಲೂ ಜಿಡ್ಡಿನ ಉಂಗುರ ಉಳಿಯುತ್ತದೆ. ಪೇಪರು ಒಣಗಿತು. ಅಕ್ಷರಗಳು ಮೊದಲಿನಷ್ಟೇ ಸ್ಪಷ್ಟವಾಗಿ ಅವನನ್ನು ನೋಡಿದವು. ಉಂಗುರ ಇರಲಿಲ್ಲ.

ಕೊನೆಗೆ ಸೈಲೆನ್ಸರಿನ ಬೋಲ್ಟು ಬಿಚ್ಚಿ, ಮೊಬೈಲಿನ ಟಾರ್ಚು ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ. ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರುಗಳು, ಮುಚ್ಚಿದ ಪೆಟ್ಟಿಗೆಯಲ್ಲಿ ಬೆಕ್ಕನ್ನು ಹಾಕಿದ್ದರೇನೋ ಎನ್ನುವ ಹಾಗೆ. ಬರೀ ಪೆಟ್ರೋಲು ಕುಡಿದು ಸತ್ತ ಮಿಷನ್ನಿನ ಗುರುತು ಅದು. ಅನುಮಾನವೇ ಇಲ್ಲ. ಸಿಲಿಂಡರು ಕಳಚಿ ಪಿಸ್ಟನ್ನನ್ನು ಹೊರಗೆ ತೆಗೆದ.

ರೋಗ ಗುರುತಿಸಿದ ಸಂತೋಷ ಮನುಷ್ಯನಿಗೆ ಒಳ್ಳೆಯದಲ್ಲ. ಆ ಸಂತೋಷದಲ್ಲಿ ಅವನು ಮುಂದಿನದ್ದನ್ನೂ ತಾನೇ ಗುರುತಿಸಿಬಿಟ್ಟ. ಮಾವಿನ ಬೊಡ್ಡೆ ದೊಡ್ಡದು, ಮಿಕ್ಸು ಸಾಲಲಿಲ್ಲ. ಹೆಣದ ಮುಂದೆ ಅವಸರ. ಪ್ರದೀಪನ ಚಿಕ್ಕಪ್ಪನ ಮಗ ದೇವೇಂದ್ರನ ಬೈಕಿನಿಂದ ಪೆಟ್ರೋಲು ಎಳೆದಿದ್ದಾರೆ, ಅದರಲ್ಲೇ ಕೊಯ್ದಿದ್ದಾರೆ. ಮಿಷನ್ನು ಅಲ್ಲೇ ಅರ್ಧ ಸತ್ತಿತ್ತು. ಅದು ಗೊತ್ತಿದ್ದೇ ಒರೆಸಿ, ಹೊಳಪು ಕೊಟ್ಟು, ಟ್ಯಾಂಕು ತುಂಬಿಸಿ ಜಗಲಿಯಲ್ಲಿಟ್ಟು ಹೋಗಿದ್ದಾನೆ.

ಮೊಡೆಸ್ಟಾ ಊಟದ ಕ್ಯಾರಿಯರು ತಂದು ಅವನ ಪಕ್ಕದಲ್ಲಿಟ್ಟಳು. ಒಲೆ ಹಚ್ಚದ ಮನೆಗೆ ಅನ್ನ, ತೊವ್ವೆ, ಬಾಳೆಕಾಯಿ ಪಲ್ಯ. ಅವಳ ಗಂಡ ಜಾಕೋಬ್ ಬದುಕಿದ್ದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದ, ಲಕ್ಕಯ್ಯ ಅವನ ಕೈಕೆಳಗಿನ ಆಳು. ಆಗಿನಿಂದಲೂ ಹಬ್ಬಕ್ಕೋ ಕಷ್ಟಕ್ಕೋ ಈ ಕ್ಯಾರಿಯರು ಲೈನಿಗೆ ಹೋಗಿ ಬರುತ್ತಿತ್ತು. ಲಕ್ಕಯ್ಯನ ಹೆಂಡತಿ ಮಾರಮ್ಮ ಅದನ್ನು ಎಂದೂ ಬರಿದಾಗಿ ಕಳಿಸಿದವಳಲ್ಲ. ಒಂದು ಹಿಡಿ ಕಳಲೆ, ಜೀರಿಗೆ ಮೆಣಸು, ಮಳೆಗಾಲದಲ್ಲಿ ಅಣಬೆ, ಏನೂ ಸಿಗದಿದ್ದರೆ ಒಂದು ಅಚ್ಚು ಬೆಲ್ಲ. ಪಾತ್ರೆ ಬರಿದಾಗಿ ತಿರುಗಿದರೆ ಎರಡು ಮನೆಗೂ ಒಳ್ಳೆಯದಲ್ಲ ಎನ್ನುತ್ತಿದ್ದಳು. ರೈಟರ್ ಜಾಕೋಬ್ ಲೈನಿನಿಂದ ಬಂದದ್ದೆಂದು ಆ ಅಣಬೆಯನ್ನು ಕೋಳಿಗೆ ಹಾಕು ಎನ್ನುತ್ತಿದ್ದ. ಮೊಡೆಸ್ಟಾ ಅವನು ಆಫೀಸಿಗೆ ಹೋದ ಮೇಲೆ ಸಾರು ಮಾಡುತ್ತಿದ್ದಳು.

ಮಿಷನ್ನು ಪ್ರದೀಪನೇ ಕೆಡಿಸಿದ್ದು ಎಂದು ಜೋಸ್ವಿನ್ ಹೇಳಿದಾಗ ಅವಳು ಆ ಗೀರುಗಳನ್ನು ನೋಡಿದಳು. ಕೇಳು, ಆದರೆ ಇವತ್ತು ಕೇಳಬೇಡ ಎಂದಳು. ಮಿಷನ್ನು ಇನ್ನೊಂದು ಸಿಗುತ್ತದೆ ಪುತಾ, ಮರದ ಮೇಲೆ ಹೋಗಿ ನಿನ್ನನ್ನು ನಂಬುವವನು ಸಿಗುವುದಿಲ್ಲ ಎಂದಳು.

ಒಂದು ಕೈಯಲ್ಲಿ ಕ್ಯಾರಿಯರು, ಜೇಬಿನಲ್ಲಿ ಪಿಸ್ಟನ್ನು. ಹಾಗೆ ಅವನು ಲೈನಿಗೆ ಇಳಿದ.

ಪ್ರದೀಪ ಹೊರಗಿನ ಕಲ್ಲಿನ ಮೇಲೆ ಕೂತಿದ್ದ. ಬೋಳು ತಲೆಯಲ್ಲಿ ಅವನ ಕಿವಿಗಳು ದೊಡ್ಡವಾಗಿ, ಶಾಲೆಗೆ ಹೋಗುತ್ತಿದ್ದ ಕಾಲದವನ ಹಾಗೆ ಕಾಣುತ್ತಿದ್ದವು. ಜೋಸ್ವಿನ್ ಕ್ಯಾರಿಯರನ್ನು ಬಾಗಿಲಿನ ಬಳಿಯಿಟ್ಟು ಪಿಸ್ಟನ್ನನ್ನು ಅವನ ಕೈಗೆ ಕೊಟ್ಟ. ಪ್ರದೀಪ ಅದನ್ನು ತಿರುಗಿಸಿ, ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದ.

"ಎಣ್ಣೆ ಇಲ್ದೆ ಓಡೈತೆ," ಎಂದ.

"ಅದನ್ನ ನೀನು ಹೇಳ್ಬೇಕು."

"ನಿನ್ನ ಬಾಟ್ಲಲ್ಲಿದ್ದಿದ್ದು ಬಿಟ್ರೆ ಒಂದು ತೊಟ್ಟು ಬೇರೆ ಹಾಕಿಲ್ಲ ಕಣೋ. ಕೊಯ್ದು ಮುಗಿಯೋ ಹೊತ್ಗೆ ಬಾಟ್ಲೂ ಖಾಲಿ, ಟ್ಯಾಂಕೂ ಖಾಲಿ."

"ಟ್ಯಾಂಕು ಖಾಲಿ ಇತ್ತಾ? ನನ್ನ ಜಗಲೀಗೆ ಬಂದಾಗ ತುಂಬಿತ್ತಲ್ಲೋ. ಯಾರು ತುಂಬಿದ್ದು?"

ಪ್ರದೀಪ ಮುಖ ಎತ್ತಿದ. ನಿಜವಾಗಿಯೂ ಅರ್ಥವಾಗದವನ ಮುಖ ಅದು. ಆದರೆ ಸುಳ್ಳುಗಾರನ ಮುಖವೂ ಹಾಗೇ ಇರುತ್ತದೆ. ನಂಗೊತ್ತಿಲ್ಲ ಎಂದ. ಆ ಮೂರು ದಿನ ತನಗೆ ಏನೂ ಗೊತ್ತಾಗುತ್ತಿರಲಿಲ್ಲ ಎಂದ. ಜೋಸ್ವಿನ್‌ಗೆ ಅದು ಸಾಕಾಯಿತು. ಆಮೇಲೆ ಅವನ ಬಾಯಿಂದ ಬಂದ ಮಾತು ಎಲ್ಲಿತ್ತೋ ಅವನಿಗೇ ತಿಳಿಯದು. ಅಪ್ಪನ ಹಳೆಯ ಕೋಟಿನ ಜೇಬಿಗೆ ಕೈ ಹಾಕಿದಾಗ ಸಿಕ್ಕ ಹಾಗೆ ಸಲೀಸಾಗಿ ಬಂತು.

"ನಿಮ್ಮ ಜನದ ಕೈಗೆ ಮಿಷನ್ ಕೊಟ್ಟಿದ್ದೇ ನನ್ನ ತಪ್ಪು. ನಿಮಗೆ ಕತ್ತಿಯೇ ಸಾಕಿತ್ತು."

ಪ್ರದೀಪ ಪಿಸ್ಟನ್ನನ್ನು ಪಂಚೆಯ ಅಂಚಿನಲ್ಲಿ ಒರೆಸಿ ವಾಪಸ್ ಕೊಟ್ಟ. ಒಳಗಿನಿಂದ ಮಾರಮ್ಮ, ಮೊಡೆಸ್ಟಾಳನ್ನು ಕರೆಯುವ ರೂಢಿಯಲ್ಲೇ, ಬಾಯಮ್ಮ ಊಟ ಕಳಿಸವ್ರಾ ಮಗಾ ಎಂದು ಕೇಳುವುದು ಕೇಳಿಸಿತು. ಜೋಸ್ವಿನ್ ಹೂಂ ಎಂದು ಮೇಲಿನ ದಾರಿ ಹಿಡಿದ.

ಮುಂದಿನ ದಿನಗಳು ಅವನಿಗೆ ಚೆನ್ನಾಗಿಯೇ ಹೋದವು. ಕೆಟ್ಟ ಮಾತು ಆಡಿದವನಿಗೆ ಕೈತುಂಬ ಕೆಲಸವಿದ್ದರೆ ಅದೊಂದು ವರ. ಸಕಲೇಶಪುರದ ಅಂಗಡಿಯಲ್ಲಿ ಪಿಸ್ಟನ್ನೂ ರಿಂಗೂ ಸಿಕ್ಕವು, ಸಿಲಿಂಡರು ಸಿಗಲಿಲ್ಲ. ಹಳೆಯ ಸಿಲಿಂಡರಿನ ಗೋಡೆಗೆ ಪಿಸ್ಟನ್ನಿನ ಲೋಹ ಸವರಿಕೊಂಡು ಅಂಟಿತ್ತು. ಕಕ್ಕಸು ತೊಳೆಯುವ ಆಸಿಡ್ಡನ್ನು ಹತ್ತಿಯ ತುದಿಯಲ್ಲಿ ಅದ್ದಿ, ಅಂಟಿದ ಜಾಗಕ್ಕೆ ಮಾತ್ರ ಮುಟ್ಟಿಸಿದ. ನೊರೆ ಎದ್ದು ಲೋಹ ಕರಗುತ್ತಿತ್ತು. ನೊರೆ ನಿಂತಾಗ ತೊಳೆಯಬೇಕು, ಮತ್ತೆ ಮುಟ್ಟಿಸಬೇಕು. ಆತುರ ಮಾಡಿದರೆ ಆಸಿಡ್ಡು ಗೋಡೆಯನ್ನೇ ತಿನ್ನುತ್ತದೆ. ಅವನು ಆತುರ ಮಾಡಲಿಲ್ಲ. ಬೆರಳಿನಲ್ಲಿ ತಡವಿದರೆ ಗೀರು ಸಿಗದಷ್ಟು ನುಣುಪಾದ ಮೇಲೆ ಹೊಸ ಪಿಸ್ಟನ್ನಿಗೆ ಎಣ್ಣೆ ಸವರಿ, ರಿಂಗನ್ನು ಉಗುರಿನಲ್ಲಿ ಅದುಮಿ ಹಿಡಿದು ಕೂರಿಸಿದ. ಹೀಗೆ ಅದುಮುವುದಕ್ಕೆ ನಾಲ್ಕು ಕೈ ಬೇಕು. ಹಿಂದಿನ ಸಲ ನಾಲ್ಕಿದ್ದವು.

ಹಗ್ಗ ಹಿಡಿದು ಎತ್ತಿದ. ಮಿಷನ್ನು ನೇತಾಡುತ್ತ, ತಡೆದು ತಡೆದು ಇಳಿಯಿತು. ಮಿಕ್ಸು ಹಾಕಿ ಎಳೆದ. ಗರ್ಜಿಸಿತು.

ಆ ಗರ್ಜನೆಯಲ್ಲಿ ಅವನ ಎದೆ ಹಗುರಾಯಿತು. ಹಗುರಾದ ಎದೆಗೆ ಕ್ಷಮಿಸುವುದು ಸುಲಭ. ಪ್ರದೀಪನನ್ನು ಕ್ಷಮಿಸಿದ್ದೇನೆ ಎಂದು ತೀರ್ಮಾನಿಸಿದ. ತಿಥಿ ಊಟಕ್ಕೆ ಹೇಗೂ ಹೋಗಬೇಕು. ಮಿಷನ್ನು ಎದ್ದಿದೆ, ಆದದ್ದು ಆಯಿತು, ಸೋಮವಾರ ಹೆಗ್ಗದ್ದೆಗೆ ಹೋಗೋಣ ಎಂದರೆ ಮುಗಿಯಿತು. ದಾರಿಯುದ್ದಕ್ಕೂ ಆ ಮಾತನ್ನು ನಾಲಗೆಯಲ್ಲಿ ಹೊರಳಿಸುತ್ತ, ಇನ್ನಷ್ಟು ದೊಡ್ಡ ಮನಸ್ಸಿನದಾಗಿ ಮಾಡುತ್ತ ಹೋದ.

ಲೈನಿನ ಮುಂದೆ ಚಪ್ಪರ ಹಾಕಿದ್ದರು. ಪ್ರದೀಪ ಎಲೆಗಳಿಗೆ ನೀರು ಚಿಮುಕಿಸುತ್ತಿದ್ದ. ಜೋಸ್ವಿನ್‌ನನ್ನು ನೋಡಿ ತಲೆ ಆಡಿಸಿದ, ಎಲ್ಲರಿಗೂ ಆಡಿಸಿದಷ್ಟೇ. ಜೋಸ್ವಿನ್ ಅವನನ್ನು ಕರೆಯುವ ಮೊದಲೇ ಮಾರಮ್ಮ ಬಾಗಿಲಿಗೆ ಬಂದಳು. ಕುಂಕುಮ ಇಲ್ಲದ ಹಣೆ ಅವಳನ್ನು ಬೇರೆಯೇ ಹೆಂಗಸನ್ನಾಗಿ ಮಾಡಿತ್ತು. ಜೋಸ್ವಿನ್‌ನ ಕೈ ಹಿಡಿದು ಪಕ್ಕದ ಬೆಂಚಿನ ಮೇಲೆ ಕೂರಿಸಿಕೊಂಡಳು. ಗಂಡನ ಮೈ ಎಷ್ಟು ಚೆನ್ನಾಗಿ ಉರಿಯಿತೆಂದು ಹೇಳಿದಳು. ಮಾವಿನ ಸೌದೆ, ಒಂದೇ ಒಂದು ಸಲ ಹೊಗೆಯಾಡಲಿಲ್ಲವಂತೆ. ಎಲ್ಲಾ ನಿನ್ನ ಮಿಷನ್ನಿಂದ ಮಗಾ ಎಂದಳು.

"ನಿಮ್ಮಪ್ಪನ ಕಾಲದಾಗೆ ನಮ್ಮನೇಗೆ ಅಂಥಾ ವಸ್ತು ಯಾರು ಕೊಡೋರು? ಅದ್ಕೇ ವಾಪಸ್ ಕಳಿಸ್ಬೇಕಾದ್ರೆ ನೋಡ್ದೆ, ಒಳಗೆ ಏನೂ ಇಲ್ಲ. ಖಾಲಿ ಹೆಂಗೆ ಕಳ್ಸದು? ಸಾವಾದ ಮನೆ ಬೇರೆ. ಇವನು ಮಲಗಿದ್ದ, ಎಬ್ಬಿಸ್ಲಿಲ್ಲ. ವಿಶಾಲಮ್ಮನ ಅಂಗಡೀಲಿ ಬಾಟ್ಲಿ ಪೆಟ್ರೋಲು ಮಾರ್ತಾರಲ್ಲ, ದೇವೇಂದ್ರನ ಕೈಲಿ ತರಿಸಿ ನಾನೇ ತುಂಬಿಸ್ದೆ. ಒಂದು ತೊಟ್ಟೂ ಚೆಲ್ಲಿಲ್ಲ ನೋಡು."

ಅವಳು ನಕ್ಕಳು. ಗಂಡ ಹೋದ ಮೇಲೆ ಮೊದಲ ಸಲ ನಕ್ಕಿದ್ದಿರಬೇಕು, ತುಟಿಗೆ ಅಭ್ಯಾಸ ತಪ್ಪಿದ ನಗೆ.

ಎಲೆಗೆ ನೀರು ಬೀಳುವ ಸದ್ದು ನಿಂತಿತು. ಜೋಸ್ವಿನ್ ತಿರುಗಿ ನೋಡಲಿಲ್ಲ, ನೋಡಬೇಕಾಗಿರಲಿಲ್ಲ. ಮಿಷನ್ನಿನ ವಿಷಯ ಗೊತ್ತಿದ್ದವರು ಅಲ್ಲಿ ಇಬ್ಬರೇ, ಇಬ್ಬರಿಗೂ ಒಂದೇ ಗಳಿಗೆಯಲ್ಲಿ ತಿಳಿಯಿತು. ಮಾವಿನ ಮರದ ಬಳಿ ಯಾರೂ ಏನೂ ಕೆಡಿಸಿರಲಿಲ್ಲ. ಮಿಷನ್ನು ಗಟ್ಟಿಮುಟ್ಟಾಗಿ, ಹರಿತವಾಗಿ, ತುಂಬಿಕೊಂಡು ಅವನ ಜಗಲಿಗೆ ಬಂದಿತ್ತು. ಮುಚ್ಚಳ ತೆರೆದು ಮೂಸಿ ನೋಡದೆ, ಹಗ್ಗ ಎಳೆದು, ಅದು ಎಣ್ಣೆಯಿಲ್ಲದೆ ಕಿರುಚಿದ್ದನ್ನು ಚುರುಕು ಎಂದು ಮೆಚ್ಚುತ್ತ ಅದನ್ನು ಕೊಂದವನು ಅವನೇ.

ಮಿಷನ್ನು ಹೆಂಗೈತೆ ಎಂದು ಮಾರಮ್ಮ ಕೇಳಿದಳು. ಚೆನ್ನಾಗಿದೆ ಎಂದ ಜೋಸ್ವಿನ್. ಅದೊಂದು ಮಾತಾದರೂ ನಿಜವಾಗಿತ್ತು.

ಊಟ ಮಾಡಿದ. ಬಡಿಸಿದ್ದನ್ನೆಲ್ಲ ತಿಂದ. ಹೊರಡುವಾಗ ಪ್ರದೀಪ ಕಾಫಿ ಗಿಡಗಳ ತಿರುವಿನವರೆಗೆ ಜೊತೆಯಲ್ಲಿ ಬಂದ. ಜೋಸ್ವಿನ್ ಕ್ಷಮೆಗೆಂದು ಸಿದ್ಧ ಮಾಡಿಕೊಂಡಿದ್ದ ಮಾತನ್ನು ತಿರುಗಿಸಿ ಹಿಡಿಯಲು ನೋಡಿದ. ಅದು ತಿರುಗಲಿಲ್ಲ. ನಾನು ಹಾಗೆ ಅನ್ನಬಾರದಿತ್ತು, ಸಿಟ್ಟಿನಲ್ಲಿ ಬಂದ ಮಾತು ಎಂದ.

"ಅವ್ವಂಗೆ ಹೇಳ್ಬೇಡಿ," ಎಂದ ಪ್ರದೀಪ. "ಪೆಟ್ರೋಲಿನ ವಿಷ್ಯ."

ಹೇಳುವುದಿಲ್ಲ ಎಂದ ಜೋಸ್ವಿನ್. ಒಂದನೇ ಕ್ಲಾಸಿನಿಂದ ನೀನು ಎನ್ನುತ್ತಿದ್ದವನು ಬಹುವಚನ ಹಚ್ಚಿದ್ದು ಅವನ ಮೈಗೆ ಆಸಿಡ್ಡಿನ ಹಾಗೆ ತಾಗಿತು. ಸೋಮವಾರ ಹೆಗ್ಗದ್ದೆಗೆ ಬರುತ್ತೀಯಲ್ಲ ಎಂದು ಕೇಳಿದ. ಕೇಳುವಾಗಲೇ ಅದು ಬೇಡುವ ದನಿ ಎಂದು ಗೊತ್ತಾಯಿತು.

ಪ್ರದೀಪ ಕಾಫಿಯ ಎಲೆಯೊಂದನ್ನು ಮಗುಚಿ ನೋಡಿದ, ರೋಗ ಇದೆಯೇ ಎಂದು ನೋಡುವವನ ಹಾಗೆ.

"ಮಾತಾದ್ರೆ ಮರೀಬೌದಿತ್ತೇನೋ. ಆದ್ರೆ ಮರದ ಮೇಲಿದ್ದಾಗ ಕೆಳಗೆ ನೋಡೋ ಹಂಗಿಲ್ವಲ್ಲ. ಹಗ್ಗ ಯಾರ ಕೈಲೈತೆ ಅನ್ನೋದು ಮನಸ್ಸಲ್ಲೇ ಇರ್ಬೇಕು. ಈಗ ಅಲ್ಲಿ ನಿಮ್ಮಪ್ಪ ನಿಂತಂಗೆ ಕಾಣ್ತದೆ. ಬೇರೆಯೋರನ್ನ ನೋಡ್ಕಳಿ."

ಬೇರೆಯವರು ಸಿಗುತ್ತಾರೆ ಎಂದು ಜೋಸ್ವಿನ್ ಒಂದೆರಡು ಕಡೆ ಕೇಳಿದ. ಹೆತ್ತೂರಿನ ಕೃಷ್ಣಪ್ಪ ಒಳ್ಳೆಯ ಮರ ಹತ್ತುವವನು. ಅವನು ಮೊದಲು ಕೇಳಿದ್ದು, ಪ್ರದೀಪ ಯಾಕೆ ಬಿಟ್ಟ ಎಂದು. ಜೋಸ್ವಿನ್ ಏನೋ ಹೇಳಿದ. ನೋಡಿ ಹೇಳ್ತೀನಿ ಎಂದ ಕೃಷ್ಣಪ್ಪ ಆಮೇಲೆ ಫೋನು ಎತ್ತಲಿಲ್ಲ. ಹೆಗ್ಗದ್ದೆಯ ಎಸ್ಟೇಟಿನವರು ಮಳೆ ಕಾಯುವುದಿಲ್ಲವಲ್ಲ ಎಂದು ಬೇರೆ ತಂಡ ಕರೆಸಿಕೊಂಡರು. ಅದರಲ್ಲಿ ಪ್ರದೀಪನೂ ಇದ್ದ. ಹಗ್ಗ ಹಿಡಿಯುತ್ತಿದ್ದವನು ದೇವೇಂದ್ರ.

ಒಂದು ಬೆಳಿಗ್ಗೆ ಗೇಟಿನ ಕೊಕ್ಕೆಯಲ್ಲಿ ಕ್ಯಾರಿಯರು ನೇತಾಡುತ್ತಿತ್ತು. ಯಾರು ತಂದು ಸಿಕ್ಕಿಸಿದರೆಂದು ನೋಡಿದವರಿಲ್ಲ. ಮೊಡೆಸ್ಟಾ ಅದನ್ನು ಜಗಲಿಗೆ ತಂದು, ಹೊಸ ಚೈನು ಜೋಡಿಸುತ್ತಿದ್ದ ಮಗನ ಎದುರಿಗೇ ಬಿಚ್ಚಿದಳು. ಮೇಲಿನ ಡಬ್ಬಿ ತೆಗೆದಳು, ನಡುವಿನದು ತೆಗೆದಳು. ಕೆಳಗಿನ ಡಬ್ಬಿಯನ್ನು ಬೆಳಕಿಗೆ ವಾಲಿಸಿ ನೋಡಿದಳು. ಬೂದಿ ಹಾಕಿ ತಿಕ್ಕಿ, ಒಂದು ಹನಿ ನೀರೂ ಉಳಿಯದ ಹಾಗೆ ಒರೆಸಿತ್ತು. ಬೆಲ್ಲ ಇರಲಿಲ್ಲ. ಮೆಣಸಿನ ಒಂದು ಬೀಜವೂ ಇರಲಿಲ್ಲ.

ಮಾರಮ್ಮನಿಗೆ ಏನು ತಿಳಿದಿರಬಹುದು? ಅವನಾಡಿದ ಮಾತೋ, ಅವಳ ಪೆಟ್ರೋಲು ಮಾಡಿದ ಕೆಲಸವೋ? ಸಿಟ್ಟಿನಲ್ಲಿ ಬರಿದಾಗಿ ಕಳಿಸಿದಳೋ, ಇನ್ನು ಯಾರ ಪಾತ್ರೆಗೂ ಏನನ್ನೂ ಹಾಕಲು ಹೆದರಿ ಕಳಿಸಿದಳೋ? ಯಾವುದು ಹೆಚ್ಚು ಕೆಟ್ಟದ್ದೆಂದು ಜೋಸ್ವಿನ್‌ಗೆ ತೀರ್ಮಾನಿಸಲಾಗಲಿಲ್ಲ.

ಮೊಡೆಸ್ಟಾ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿ, ಕೊಂಡಿ ಹಾಕಿ, ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಅವರಿಗೆ ಏನಂದೆ, ಪುತಾ?"

ಅವನು ಮಿಷನ್ನಿನ ಮೇಲೆ ಕಾಲಿಟ್ಟು ಹಗ್ಗ ಎಳೆದ. ಒಂದೇ ಎಳೆತಕ್ಕೆ ಎದ್ದಿತು. ಅವಳು ಇನ್ನೊಂದು ಸಲ ಕೇಳುತ್ತಿದ್ದುದು ತುಟಿಯಲ್ಲಿ ಕಾಣುತ್ತಿತ್ತು. ಅವನು ರೇಸು ಇನ್ನಷ್ಟು ಒತ್ತಿ ಹಿಡಿದ.